ಪೈಥಾನ್‌ನಲ್ಲಿ ಪ್ರಿಂಟ್ ಮಾಡಿದ್ದನ್ನು ಫೈಲ್‌ಗೆ ಹಾಕೋದು

17ರ ಮಗ್ಗಿ ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆದಿದ್ದೀರಿ. ಸ್ಕ್ರೀನ್ ಮೇಲೆ ಚೆನ್ನಾಗಿಯೇ ಬರುತ್ತದೆ, ಆದರೆ ವಿಂಡೋ ಮುಚ್ಚಿದರೆ ಹೋಯಿತು. ಅದನ್ನು ಫೈಲ್‌ನಲ್ಲಿ ಉಳಿಸಬೇಕು, ಅಲ್ವಾ? ಫೈಲ್ ತೆರೆಯೋದು ಗೊತ್ತಾದರೆ ಸಾಕು, ಬರೆಯೋಕೆ ಪ್ರಿಂಟ್ ಬಿಟ್ಟು ಬೇರೆ ಏನೂ ಕಲಿಯಬೇಕಿಲ್ಲ.

ಓದೋಕೆ ಸುಲಭ ಆಗಲಿ ಅಂತ ಕೋಡನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಕಮಾಂಡುಗಳು, ಕೋಟ್ ಒಳಗಿನ ಡಬ್ಲ್ಯು, ಯುಟಿಎಫ್-8 ಥರದವೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ವಿತ್ ಓಪನ್("ಮಗ್ಗಿ.ಟಿಎಕ್ಸ್‌ಟಿ", "ಡಬ್ಲ್ಯು", ಎನ್‌ಕೋಡಿಂಗ್="ಯುಟಿಎಫ್-8") ಆಸ್ ಎಫ್:
    ಫಾರ್ ಐ ಇನ್ ರೇಂಜ್(1, 11):
        ಪ್ರಿಂಟ್("ಹದಿನೇಳರ ಮಗ್ಗಿ:", ಐ, "=", 17*ಐ, ಫೈಲ್=ಎಫ್)

ಮೊದಲ ಸಾಲು ಫೈಲ್ ತೆರೆದು ಅದಕ್ಕೆ ಎಫ್ ಅಂತ ಹೆಸರಿಡುತ್ತದೆ. ಕೆಲಸ ಮಾಡೋದು ಕೊನೆಯ ಆ ಫೈಲ್=ಎಫ್. ಅದಿದ್ದರೆ ಸ್ಕ್ರೀನ್‌ಗೆ ಹೋಗಬೇಕಾದ ಸಾಲು ಫೈಲ್‌ಗೆ ಹೋಗುತ್ತದೆ. ಎಫ್.ರೈಟ್ ಅಂತಲೂ ಒಂದಿದೆ, ಆದರೆ ಅದಕ್ಕೆ ನಂಬರ್ ಕೊಟ್ಟರೆ ಟೈಪ್ ಎರರ್ ಬರುತ್ತದೆ, ಹೊಸ ಸಾಲನ್ನೂ ನೀವೇ ಹಾಕಬೇಕು. ಹೊಸಬರಿಗೆ ಪ್ರಿಂಟೇ ವಾಸಿ.

ಈಗ "ಡಬ್ಲ್ಯು" ವಿಷಯ. ಇಲ್ಲಿ ತುಂಬಾ ಜನ ಎಡವುತ್ತಾರೆ. ಡಬ್ಲ್ಯು ಅಂದರೆ ಫೈಲ್ ತೆರೆದ ಕ್ಷಣವೇ ಹಳೆಯದೆಲ್ಲ ಅಳಿಸಿಹೋಗುತ್ತದೆ, ನೀವು ಒಂದಕ್ಷರ ಬರೆಯದಿದ್ದರೂ ಸರಿ. ಹಾಗಾಗಿ ವಿತ್ ಸಾಲನ್ನು ಫಾರ್ ಲೂಪಿನ ಒಳಗೆ ಹಾಕಿದರೆ ಪ್ರತಿ ಸುತ್ತಿನಲ್ಲೂ ಫೈಲ್ ಖಾಲಿಯಾಗಿ, ಕೊನೆಗೆ ತೆರೆದು ನೋಡಿದಾಗ 170 ಇರುವ ಒಂದೇ ಸಾಲು ಉಳಿದಿರುತ್ತದೆ. ವಿತ್ ಯಾವಾಗಲೂ ಲೂಪಿನ ಹೊರಗೇ ಇರಲಿ. ಹಳೆಯದು ಹಾಗೇ ಉಳಿದು ಅದರ ಕೆಳಗೆ ಸೇರಬೇಕೆಂದರೆ "ಎ" ಹಾಕಿ. ಮುಖ್ಯವಾದ ಫೈಲ್ ಆಗಿದ್ದರೆ "ಎಕ್ಸ್" ಹಾಕಿ, ಆ ಹೆಸರಿನ ಫೈಲ್ ಮೊದಲೇ ಇದ್ದರೆ ಪೈಥಾನ್ ಎರರ್ ಕೊಟ್ಟು ನಿಂತುಬಿಡುತ್ತದೆ, ಹಳೆಯದನ್ನು ಮುಟ್ಟೋದಿಲ್ಲ.

ಎನ್‌ಕೋಡಿಂಗ್ ಭಾಗವನ್ನು, ಅಂದರೆ ಅಕ್ಷರಗಳನ್ನು ಫೈಲ್‌ನಲ್ಲಿ ಯಾವ ಸಂಕೇತದಲ್ಲಿ ಉಳಿಸಬೇಕು ಅಂತ ಹೇಳೋದನ್ನು, ಬಿಡಬೇಡಿ. ಕನ್ನಡದಲ್ಲಿ ಬರೆಯುವ ನಮಗಂತೂ ಇದು ಬೇಕೇ ಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇದಿಲ್ಲದೆಯೂ ನಡೆಯುತ್ತದೆ, ಆದರೆ ಅದೇ ಪ್ರೋಗ್ರಾಂ ವಿಂಡೋಸ್‌ಗೆ ಹೋದಾಗ ಹಳೆಯ ಕೋಡ್‌ಪೇಜ್ (ಕನ್ನಡ ಅಕ್ಷರಗಳಿಲ್ಲದ ಸಂಕೇತಪಟ್ಟಿ) ಬಳಸಿ, "ಹ" ಅನ್ನೋ ಅಕ್ಷರಕ್ಕೇ ಯೂನಿಕೋಡ್ ಎನ್‌ಕೋಡ್ ಎರರ್ ಬಂದು ನಿಲ್ಲಬಹುದು.

ವಿತ್ ಬಳಸಿದ್ದಕ್ಕೆ ಫೈಲ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚುವವರೆಗೆ ಸಾಲುಗಳು ಮೆಮೊರಿಯಲ್ಲೇ ಕಾಯುತ್ತಿರಬಹುದು, ಅದಕ್ಕೇ ಪ್ರೋಗ್ರಾಂ ಓಡುತ್ತಿರುವಾಗ ಫೈಲ್ ತೆರೆದರೆ ಕೆಲವೊಮ್ಮೆ ಖಾಲಿ ಕಾಣುತ್ತದೆ. ಆಗಿಂದಾಗಲೇ ಬರೆಯಬೇಕೆಂದರೆ ಪ್ರಿಂಟ್‌ಗೆ ಫ್ಲಶ್=ಟ್ರೂ ಕೂಡ ಸೇರಿಸಿ.

ಎಲ್ಲ ಸರಿಯಿದ್ದೂ ಫೈಲ್ ಸಿಗುತ್ತಿಲ್ಲವಾ? ಹೆಸರು ಮಾತ್ರ ಕೊಟ್ಟರೆ ಅದು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲಲ್ಲ, ನೀವು ಯಾವ ಫೋಲ್ಡರ್‌ನಿಂದ ಓಡಿಸಿದಿರೋ ಅಲ್ಲಿ ಹುಟ್ಟುತ್ತದೆ. ಮೊದಲು ಅಲ್ಲಿ ನೋಡಿ.