ಹೊಸ ಕ್ಲಾಸಿಕ್ 350: ಮೊದಲ ಸಾವಿರ ಕಿ.ಮೀ. ಹೇಗೆ ಓಡಿಸಬೇಕು, ಏನೇನು ನೋಡಿಕೊಳ್ಳಬೇಕು

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮನೆಗೆ ಬಂದ ದಿನವೇ ಉಪದೇಶವೂ ಬರುತ್ತದೆ. "ನಲವತ್ತು ದಾಟಿಸಬೇಡಿ", "ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟಿರಿ", "ಟಾಪ್ ಗೇರಲ್ಲಿ ಡುಗುಡುಗು ಅಂತ ನಿಧಾನ ಹೋಗಿ, ಗಾಡಿ ಗತ್ತೇ ಅದು". ಹೇಳುವವರು ಸುಳ್ಳು ಹೇಳುತ್ತಿಲ್ಲ; ಅವರು ಹೇಳುತ್ತಿರುವುದು ಎರಕದ ಕಬ್ಬಿಣದ ಎಂಜಿನ್ನಿನ, ಕಾರ್ಬ್ಯುರೇಟರಿನ ಹಳೇ ಬುಲೆಟ್ಟಿನ ಬಗ್ಗೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಕ್ಲಾಸಿಕ್‌ನ ಟ್ಯಾಂಕ್ ಕೆಳಗಿರುವುದು ಬೇರೆಯದೇ ಎಂಜಿನ್. 349 ಸಿಸಿ, ಓವರ್‌ಹೆಡ್ ಕ್ಯಾಮ್, ನಡುಕ ತಗ್ಗಿಸಲು ಬ್ಯಾಲೆನ್ಸರ್ ಶಾಫ್ಟ್, ಫ್ಯುಯೆಲ್ ಇಂಜೆಕ್ಷನ್. ಕಿಕ್ ಹೊಡೆಯುವ ಪುಣ್ಯವೂ ಇಲ್ಲ, ಸೆಲ್ಫ್ ಮಾತ್ರ. ಆದರೆ ಸ್ಪೋಕ್ ಚಕ್ರ, ಟ್ಯೂಬ್ ಟೈರ್, ಕ್ರೋಮ್, ಬಯಲಲ್ಲಿ ಓಡುವ ಚೈನ್, ಇವೆಲ್ಲ ಹಳೇ ಕಾಲದವೇ, ಹಳೇ ಕಾಲದ ಉಪಚಾರವನ್ನೇ ಕೇಳುತ್ತವೆ. ಎಂಜಿನ್ನಿಗೆ ಹೊಸ ಬುದ್ಧಿ, ಉಳಿದದ್ದಕ್ಕೆ ಹಳೇ ಬುದ್ಧಿ. ಹೋಂಡಾ ಸಿಬಿ350ಯಂಥ ಬೇರೆ ರೆಟ್ರೊ ಬೈಕು ಕೊಂಡವರಿಗೂ ಕೆಳಗಿನದು ಬಹುಪಾಲು ಅನ್ವಯಿಸುತ್ತದೆ.

ಶೋರೂಮಿನಲ್ಲಿ

ಹಾರ, ನಿಂಬೆಹಣ್ಣಿನ ಮೊದಲು ಅರ್ಧ ಗಂಟೆ ಕೈಯಲ್ಲಿರಲಿ. ಚಾಸಿ ನಂಬರು, ಎಂಜಿನ್ ನಂಬರು ಇನ್‌ವಾಯ್ಸ್ ಮತ್ತು ಇನ್ಶೂರೆನ್ಸ್ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೂ ಆಮೇಲೆ ಕ್ಲೇಮ್ ಹೊತ್ತಲ್ಲಿ ಒದ್ದಾಟ. ಟೈರಿನ ಪಕ್ಕದಲ್ಲಿ ಡಿಓಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಟೈರು ವರ್ಷ ಹಳೆಯದಾಗಿದ್ದರೆ ಬೈಕೂ ಗೋಡೌನಿನಲ್ಲಿ ಬಹಳ ದಿನ ನಿಂತಿರುವ ಸಾಧ್ಯತೆ ಹೆಚ್ಚು, ಬ್ಯಾಟರಿ ಬಗ್ಗೆ ಕೇಳಿ. ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಬಿಚ್ಚಿಸಿ ಸೈಲೆನ್ಸರ್ ಮತ್ತು ಹೆಡ್‌ಲೈಟ್ ಸುತ್ತಲಿನ ಕ್ರೋಮ್ ನೋಡಿ. ಗೀರು ಇದ್ದರೆ ಅಲ್ಲೇ ಹೇಳಬೇಕು, ಗೇಟು ದಾಟಿದ ಮೇಲೆ ಅದು ನಿಮ್ಮದು.

ಕೀ ತಿರುಗಿಸಿದಾಗ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡೇ ಇದ್ದರೆ ಗಾಬರಿ ಬೇಡ. ಗಾಡಿ ಸ್ವಲ್ಪ ಉರುಳಿದ ಮೇಲೆ ಅದು ಆರುತ್ತದೆ. ಚಕ್ರದ ಸೆನ್ಸರುಗಳು ತಿರುಗದೆ ಪರೀಕ್ಷೆ ಮುಗಿಯುವುದಿಲ್ಲ. ಎಂಜಿನ್ ಆಕಾರದ ಹಳದಿ ದೀಪ ಸ್ಟಾರ್ಟ್ ಆದ ಮೇಲೆ ಆರಲೇಬೇಕು. ಸೈಡ್ ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲುವುದು ದೋಷವಲ್ಲ, ಸುರಕ್ಷತೆಗೆ ಇಟ್ಟದ್ದು. ಕಾಗದಗಳಲ್ಲಿ ಫಾರಂ 21 (ಮಾರಾಟದ ಪತ್ರ), ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಎಂದು ತಯಾರಕರು ಕೊಡುವ ಪತ್ರ), ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಎರಡೂ ಕೀ ಇವೆಯೇ ನೋಡಿಕೊಳ್ಳಿ. ಐದು ವರ್ಷದ್ದು ಥರ್ಡ್ ಪಾರ್ಟಿ ಮಾತ್ರ. ನಿಮ್ಮ ಗಾಡಿಗಾದ ಪೆಟ್ಟಿನ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದಾಗಿರುತ್ತದೆ, ಅದರ ಕೊನೇ ದಿನವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ರನ್ನಿಂಗ್ ಇನ್ (ಹೊಸ ಎಂಜಿನ್ ಪಳಗಿಸುವುದು): ವೇಗಕ್ಕಿಂತ ಭಾರ ಮುಖ್ಯ

ಹೊಸ ಸಿಲಿಂಡರಿನ ಒಳಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳನ್ನು ಬೇಕೆಂದೇ ಕೊರೆದಿರುತ್ತಾರೆ. ಪಿಸ್ಟನ್ ರಿಂಗುಗಳು ಈ ಗೆರೆಗಳ ಮೇಲೆ ಉಜ್ಜಿ ಉಜ್ಜಿ ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಉರಿಯುವ ಅನಿಲದ ಒತ್ತಡ. ಅಂದರೆ ಎಂಜಿನ್ ಒಂದಿಷ್ಟು ಕೆಲಸ ಮಾಡಲೇಬೇಕು. ಹತ್ತಿಯ ಮೇಲಿಟ್ಟ ಹಾಗೆ ಓಡಿಸಿದರೆ ಗೆರೆಗಳ ಮೇಲೆ ಎಣ್ಣೆ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ರಿಂಗು ಕೂರುವುದೇ ಇಲ್ಲ. ಆಮೇಲೆ ಬದುಕಿಡೀ ಆಯಿಲ್ ಕುಡಿಯುವ ಗಾಡಿ. ಮೊದಲ ದಿನವೇ ಆಕ್ಸಿಲರೇಟರ್ ಪೂರ್ತಿ ತಿರುವಿದರೆ ಬಿಸಿ ಹೆಚ್ಚಾಗಿ ರಿಂಗು, ಗೋಡೆ ಎರಡೂ ಗೀರಾಗುತ್ತವೆ. ಎರಡರ ನಡುವೆ ಇರಬೇಕು.

ಹಾಗಾಗಿ ಮೊದಲ 500 ಕಿ.ಮೀ. ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುವಬೇಡಿ, ಟಾಪ್ ಗೇರಿನಲ್ಲಿ 60–65ರ ಆಸುಪಾಸು ಸಾಕು. 500ರಿಂದ 1000ದವರೆಗೆ 75–80. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ. ಏರಿಸಿ, ಬಿಡಿ, ಮತ್ತೆ ಏರಿಸಿ. ಬಿಟ್ಟಾಗ ಎಂಜಿನ್ ಬ್ರೇಕಿಂಗ್‌ನಿಂದ ಸಿಲಿಂಡರಿಗೆ ಎಣ್ಣೆ ಸೆಳೆದುಕೊಳ್ಳುತ್ತದೆ, ತಂಪೂ ಆಗುತ್ತದೆ. ಬೆಂಗಳೂರಿನವರಿಗೆ ಕನಕಪುರ ರಸ್ತೆಯಂಥ ಏರಿಳಿತದ ದಾರಿ ಇದಕ್ಕೆ ಹೇಳಿಮಾಡಿಸಿದ್ದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅದಕ್ಕೆ ಬೇಜಾರಾಗಬೇಡಿ, ಸರ್ವಿಸ್ ರಸ್ತೆಯ ನಿಲ್ಲು–ಹೊರಡು ಹೊಸ ಎಂಜಿನ್ನಿಗೆ ಒಳ್ಳೆಯದೇ.

ಕ್ಲಾಸಿಕ್ ಕೊಂಡವರು ಅತಿ ಹೆಚ್ಚು ಮಾಡುವ ತಪ್ಪು ಬೇರೆಯದು: ಸದ್ದಿನ ಆಸೆಗೆ 30ರ ವೇಗದಲ್ಲಿ ನಾಲ್ಕು, ಐದನೇ ಗೇರು. ಈ ಎಂಜಿನ್ನಿನ ಪೂರ್ತಿ ಟಾರ್ಕ್, ಅಂದರೆ ಎಳೆಯುವ ಬಲ (27 ಎನ್‌ಎಂ), ಸಿಗುವುದು 4000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ. ಅದಕ್ಕಿಂತ ಬಹಳ ಕೆಳಗೆ ಭಾರ ಹೊರಿಸಿದರೆ ಪಿಸ್ಟನ್, ಬೇರಿಂಗ್, ಚೈನ್ ಮೂರಕ್ಕೂ ಸುತ್ತಿಗೆ ಪೆಟ್ಟು. ಆರ್‌ಪಿಎಂ ಮೀಟರ್ ಇಲ್ಲವಾದ್ದರಿಂದ ಕೈಯನ್ನೇ ನಂಬಬೇಕು: ಆಕ್ಸಿಲರೇಟರ್ ಕೊಟ್ಟಾಗ ಹ್ಯಾಂಡಲ್ ಅದುರಿ ಗಾಡಿ ಗೊಣಗಿದರೆ ಒಂದು ಗೇರು ಇಳಿಸಿ.

ಬೆಳಗಿನ ಹತ್ತು ನಿಮಿಷದ ಐಡ್ಲಿಂಗೂ ಬೇಡ. ಕೀ ತಿರುಗಿಸಿ, ಪೆಟ್ರೋಲ್ ಪಂಪಿನ ಗುಂಯ್ ಸದ್ದು ನಿಲ್ಲುವವರೆಗೆ ಎರಡು ಮೂರು ಸೆಕೆಂಡ್ ಕಾದು ಸೆಲ್ಫ್ ಒತ್ತಿ. ಅರ್ಧ–ಒಂದು ನಿಮಿಷದಲ್ಲಿ ಹೊರಡಬಹುದು. ಮೊದಲ ಎರಡು ಮೂರು ಕಿ.ಮೀ. ಮೆತ್ತಗೆ ಹೋದರೆ ಎಂಜಿನ್ ಜೊತೆ ಗೇರ್‌ಬಾಕ್ಸೂ ಬಿಸಿಯಾಗುತ್ತದೆ. ಇನ್ನೊಂದು ಹಳೇ ಬುದ್ಧಿ ಪೆಟ್ರೋಲಿಗೆ ಒಂದು ಮುಚ್ಚಳ ಟು-ಟಿ ಆಯಿಲ್ ಸುರಿಯುವುದು. ಅದು ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಯೆಜ್ದಿ ಬೈಕಿಗೆ ಬೇಕಿತ್ತು, ಅದು ಟೂ-ಸ್ಟ್ರೋಕ್. ಇಲ್ಲಿ ಆ ಆಯಿಲ್ ಆಕ್ಸಿಜನ್ ಸೆನ್ಸರಿಗೂ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಮಸಿ ಬಳಿಯುತ್ತದೆ, ಅಷ್ಟೇ.

ಹೊಸ ಗಾಡಿಯಲ್ಲಿ ನಿಂತಲ್ಲೇ ನ್ಯೂಟ್ರಲ್ ಬೀಳುವುದು ಕಷ್ಟ. ಸಿಗ್ನಲ್ ಹತ್ತಿರ ಬರುವಾಗ, ಇನ್ನೂ ಉರುಳುತ್ತಿರುವಾಗಲೇ ಎರಡನೇ ಗೇರಿನಿಂದ ಮೆಲ್ಲಗೆ ಒತ್ತಿ. ಆಗಲೂ ಬೀಳದಿದ್ದರೆ ಕ್ಲಚ್ ಕೇಬಲ್ ನೋಡಿ. ಹೊಸ ಕೇಬಲ್ ಹಿಗ್ಗುತ್ತದೆ, ಲಿವರಿನ ಆಟ ಜಾಸ್ತಿಯಾಗಿ ಕ್ಲಚ್ ಪೂರ್ತಿ ಬಿಡುವುದಿಲ್ಲ. ಲಿವರಿನ ಬುಡದಲ್ಲಿ ಎರಡು ಮೂರು ಮಿ.ಮೀ. ಆಟವಿದ್ದರೆ ಸರಿ.

ಬ್ರೇಕು, ಟೈರು

ಹೊಸ ಪ್ಯಾಡ್ ಡಿಸ್ಕಿಗೆ ಇನ್ನೂ ಪೂರ್ತಿ ತಾಗುತ್ತಿರುವುದಿಲ್ಲ. ಖಾಲಿ ರಸ್ತೆಯಲ್ಲಿ 50ರಿಂದ 15ರವರೆಗೆ ಹದವಾಗಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲಿಸದೆ ಬಿಟ್ಟು, ಸ್ವಲ್ಪ ದೂರ ತಣಿಯಲು ಬಿಟ್ಟು, ಹೀಗೆ ಎಂಟು ಹತ್ತು ಸಲ ಮಾಡಿ. ಬಿಸಿ ಡಿಸ್ಕನ್ನು ಹಿಡಿದುಕೊಂಡೇ ನಿಂತರೆ ಪ್ಯಾಡಿನ ಅಂಶ ಒಂದೇ ಕಡೆ ಅಂಟಿ ಆಮೇಲೆ ಲಿವರ್ ಮಿಡಿಯುತ್ತದೆ. ಟೈರಿನ ಹೊಳಪು ಮೇಲ್ಪದರ ಸವೆಯಲು ನೂರು ನೂರೈವತ್ತು ಕಿ.ಮೀ. ಬೇಕು, ಅಲ್ಲಿಯವರೆಗೆ ತಿರುವಿನಲ್ಲಿ ಬಗ್ಗಿಸಬೇಡಿ, ಮಳೆಯಲ್ಲಂತೂ ಬೇಡವೇ ಬೇಡ. ಗಾಳಿ ಎಷ್ಟಿರಬೇಕೆಂದು ಮ್ಯಾನುಯಲ್‌ನಲ್ಲಿ ಒಬ್ಬರಿಗೆ, ಇಬ್ಬರಿಗೆ ಬೇರೆ ಬೇರೆ ಬರೆದಿದೆ. ಟೈರ್ ತಣ್ಣಗಿದ್ದಾಗ ಅಳೆಯಿರಿ. ಬಂಕಿನಲ್ಲಿ "ದೊಡ್ಡ ಗಾಡಿ" ಅಂತ ನಲವತ್ತು ತುಂಬುವವರಿದ್ದಾರೆ, 195 ಕೆ.ಜಿ.ಯ ಗಾಡಿ ಆಗ ಗುಂಡಿಯಿಂದ ಗುಂಡಿಗೆ ಹಾರುತ್ತದೆ, ಹಿಡಿತವೂ ಕಮ್ಮಿ.

ಸ್ಪೋಕ್ ಮತ್ತು ಪಂಕ್ಚರ್

ಹೊಸ ಸ್ಪೋಕುಗಳು ಮೊದಲ ಕೆಲವು ನೂರು ಕಿ.ಮೀ.ಯಲ್ಲಿ ತಮ್ಮ ಜಾಗದಲ್ಲಿ ಕೂರುತ್ತವೆ, ಕೂತಾಗ ಕೆಲವು ಸಡಿಲವಾಗುತ್ತವೆ. ಮೈನ್ ಸ್ಟ್ಯಾಂಡ್ ಹಾಕಿ, ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಸ್ಪೋಕ್ ತಟ್ಟಿ. ಬಿಗಿಯಾದದ್ದು ಠಿಣ್ ಎನ್ನುತ್ತದೆ, ಸಡಿಲಾದದ್ದು ಮೊಂಡು ಸದ್ದು. ಒಂದೆರಡು ಸಿಕ್ಕರೆ ಕಾಲು ಸುತ್ತು ಬಿಗಿ ಮಾಡಬಹುದು. ಹೆಚ್ಚು ಸಿಕ್ಕರೆ ಕೈಹಾಕದೆ ರಿಮ್ ಅಲೈನ್‌ಮೆಂಟ್ ಗೊತ್ತಿರುವವರಿಗೆ ಕೊಡಿ, ಒಂದೇ ಕಡೆ ಬಿಗಿದರೆ ರಿಮ್ಮು ಸೊಟ್ಟ. ಮೊದಲ ಸರ್ವಿಸಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿ ಮಾಡಿಸಬೇಕು, ಕೇಳದಿದ್ದರೆ ಮಾಡುವುದು ಅಪರೂಪ.

ಸ್ಪೋಕ್ ಚಕ್ರಕ್ಕೆ ಟ್ಯೂಬ್ ಟೈರ್, ಅಂದರೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಇಳಿಯುತ್ತದೆ ಮತ್ತು ಚಕ್ರ ಬಿಚ್ಚಬೇಕು. ಊರು ಬಿಟ್ಟು ಹೋಗುವಾಗ ಮುಂದಿನ 19 ಇಂಚು, ಹಿಂದಿನ 18 ಇಂಚಿನ ಎರಡೂ ಟ್ಯೂಬ್, ಆಕ್ಸಲ್ ನಟ್ಟಿಗೆ ಸರಿಯಾದ ಸ್ಪ್ಯಾನರ್ ಇಟ್ಟುಕೊಳ್ಳಿ. ಸಕಲೇಶಪುರ ದಾಟಿದ ಮೇಲೆ ಪಂಕ್ಚರ್ ಅಂಗಡಿ ಸಿಕ್ಕರೂ ಆ ಅಳತೆಯ ಟ್ಯೂಬ್ ಸಿಗುತ್ತದೆಂಬ ಖಾತ್ರಿಯಿಲ್ಲ. ದಿನವೂ ದೂರ ಓಡುವವರಾದರೆ ಕೊಳ್ಳುವಾಗಲೇ ಅಲಾಯ್ ಚಕ್ರದ ಟ್ಯೂಬ್‌ಲೆಸ್ ಮಾದರಿ ತಗೊಳ್ಳಿ. ಅಂದ ಸ್ವಲ್ಪ ಕಮ್ಮಿ, ನೆಮ್ಮದಿ ಜಾಸ್ತಿ.

ಚೈನ್

500 ಕಿ.ಮೀ.ಗೊಮ್ಮೆ ಎಣ್ಣೆ, ಮಳೆಯಲ್ಲಿ ನೆನೆದರೆ ಅಂದೇ. ಮೆತ್ತನೆ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್‌ನಿಂದ ಒರೆಸಿ. ಪೆಟ್ರೋಲ್ ಮತ್ತು ತಂತಿ ಬ್ರಷ್ ಚೈನಿನ ಕೊಂಡಿಗಳ ಒಳಗಿನ ರಬ್ಬರ್ ರಿಂಗುಗಳನ್ನು ತಿನ್ನುತ್ತವೆ. ಎಂಜಿನ್ ಆಫ್ ಮಾಡಿಯೇ ಚಕ್ರವನ್ನು ಕೈಯಿಂದ ತಿರುಗಿಸಿ. ಗೇರಿನಲ್ಲಿ ಓಡಿಸುತ್ತಾ ಎಣ್ಣೆ ಬಿಡುವವರ ಬೆರಳು ಹೋದ ಉದಾಹರಣೆ ಬೇಕಾದಷ್ಟಿವೆ. ಎಣ್ಣೆಯನ್ನು ಚೈನಿನ ಒಳಮೈಗೆ ಹಾಕಿ, ಹೊರಮೈಗೆ ಹಾಕಿದ್ದು ರಿಮ್ಮಿಗೆ ಸಿಡಿಯುತ್ತದೆ. ಹೊಸ ಚೈನ್ ಮೊದಲ ಸಾವಿರದಲ್ಲಿ ಬೇಗ ಸಡಿಲಾಗುತ್ತದೆ. ಕೆಳಸಾಲಿನ ನಡುಮಧ್ಯ ಬೆರಳಿಂದ ಮೇಲೆ ಕೆಳಗೆ ಆಡಿಸಿ ಅಳೆಯಿರಿ, ಚಕ್ರ ತಿರುಗಿಸುತ್ತಾ ಅತ್ಯಂತ ಬಿಗಿಯಾದ ಜಾಗ ಹುಡುಕಿ ಅಲ್ಲೇ ಮ್ಯಾನುಯಲ್‌ನ ಅಳತೆ ಬರಬೇಕು. ಸರಿಪಡಿಸುವಾಗ ಎರಡೂ ಬದಿಯ ಗುರುತು ಸಮ ಇರಲಿ. ಬಿಗಿ ಜಾಸ್ತಿಯಾದರೆ ಗೇರ್‌ಬಾಕ್ಸ್ ಬೇರಿಂಗಿಗೆ ಪೆಟ್ಟು, ಸ್ವಲ್ಪ ಸಡಿಲಿದ್ದರೆ ಅಷ್ಟು ನಷ್ಟವಿಲ್ಲ.

ಮೊದಲ ಸರ್ವಿಸ್

500 ಕಿ.ಮೀ. ಅಥವಾ 45 ದಿನ, ಯಾವುದು ಮೊದಲೋ ಅದು. ಮುಖ್ಯ ಕೆಲಸ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು. ಹಳೇ ಆಯಿಲಿನಲ್ಲಿ ಬೆಳ್ಳಿಪುಡಿಯಂಥ ಮಿಂಚು ಕಂಡರೆ ಹೆದರಬೇಡಿ, ಅದು ಉಜ್ಜಿದ ಲೋಹ. ಬೆರಳಿಗೆ ಸಿಗುವ ಚೂರುಗಳಿದ್ದರೆ ಮಾತ್ರ ಪ್ರಶ್ನೆ ಕೇಳಬೇಕು. ಹಾಕುವುದು 15ಡಬ್ಲ್ಯು-50 ಮಂದದ ಆಯಿಲ್, ಡಬ್ಬಿಯ ಮೇಲೆ ಜಾಸೊ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದುವ ದರ್ಜೆ) ಎಂದಿರಬೇಕು. ಹಳೇ ಬುಲೆಟ್ಟಿನ 20ಡಬ್ಲ್ಯು-50 ಅಲ್ಲ, ಕಾರಿನ ಆಯಿಲ್ ಅಂತೂ ಅಲ್ಲವೇ ಅಲ್ಲ, ಕ್ಲಚ್ ಪ್ಲೇಟ್ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಜಾರುತ್ತದೆ. ಎಷ್ಟು ಹಾಕಿದರು ಎಂದು ಡಬ್ಬಿ ನೋಡಬೇಡಿ, ಬಲಬದಿಯ ಗಾಜಿನ ಕಿಟಕಿ ನೋಡಿ: ಮೈನ್ ಸ್ಟ್ಯಾಂಡಿನಲ್ಲಿ, ಸಮತಟ್ಟು ನೆಲದಲ್ಲಿ, ಎಂಜಿನ್ ಸ್ವಲ್ಪ ಓಡಿಸಿ ನಿಲ್ಲಿಸಿ ಕೆಲವು ನಿಮಿಷ ಕಾದ ಮೇಲೆ, ಎರಡು ಗೆರೆಗಳ ನಡುವೆ. ಹೆಚ್ಚಾದರೆ ಏರ್ ಫಿಲ್ಟರ್ ಡಬ್ಬಿಗೆ ಆಯಿಲ್ ನುಗ್ಗುತ್ತದೆ. ಮನೆಗೆ ಬಂದ ಮೇಲೆ ಫಿಲ್ಟರ್ ಮುಚ್ಚಳ ಮತ್ತು ಡ್ರೈನ್ ಬೋಲ್ಟ್ ಸುತ್ತ ಒಣಬಟ್ಟೆ ಒರೆಸಿ ಜಿನುಗಿದೆಯೇ ನೋಡಿ. ಹಳೇ ಓ-ರಿಂಗನ್ನೇ (ಸೋರದಂತೆ ಹಾಕುವ ರಬ್ಬರ್ ಬಳೆ) ಮತ್ತೆ ಹಾಕಿದಾಗ ಆಗುವ ಸಮಸ್ಯೆ ಇದು.

ಕ್ರೋಮ್, ಬಣ್ಣ, ಹೆಚ್ಚುವರಿ ಸಾಮಾನು

ಎಂಜಿನ್ನಿಗೆ ಹತ್ತಿರದ ಸೈಲೆನ್ಸರ್ ಪೈಪ್ ನೀಲಿ–ಹೊಂಬಣ್ಣಕ್ಕೆ ತಿರುಗುವುದು ಬಿಸಿಯಿಂದ, ದೋಷವಲ್ಲ. ತುಕ್ಕು ಬೇರೆ ಮಾತು. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆದು ಒರೆಸಿ, ತಣ್ಣಗಿರುವಾಗ ತೆಳುವಾಗಿ ವ್ಯಾಕ್ಸ್ ಹಚ್ಚಿ. ಸ್ಪೋಕಿನ ಬುಡ, ರಿಮ್ಮಿನ ಒಳಬದಿ ಮರೆಯಬೇಡಿ, ತುಕ್ಕು ಶುರುವಾಗುವುದೇ ಅಲ್ಲಿ. ಬ್ರೇಕ್ ಡಿಸ್ಕಿಗೆ ವ್ಯಾಕ್ಸ್ ಒಂದು ಹನಿಯೂ ತಾಗಬಾರದು. ಮ್ಯಾಟ್ ಬಣ್ಣಕ್ಕೆ ಪಾಲಿಶ್ ಹಚ್ಚಿದರೆ ಅಲ್ಲಲ್ಲಿ ಹೊಳೆದು ಕಲೆಯಾಗುತ್ತದೆ.

ಫಾಗ್ ಲೈಟ್, ಜೋರು ಹಾರ್ನ್ ಹಾಕಿಸುವುದಾದರೆ ಮೂಲ ವೈರ್ ಕತ್ತರಿಸಲು ಬಿಡಬೇಡಿ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ (ಸಣ್ಣ ಸಂಜ್ಞೆಯಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಅಲ್ಲಿಂದ ದೀಪ. ಹಳೇ ಸ್ವಿಚ್ಚಿನ ವೈರು ರಿಲೇಗೆ ಸಂಜ್ಞೆ ಮಾತ್ರ ಕೊಡಬೇಕು. ಕತ್ತರಿಸಿ ಟೇಪ್ ಸುತ್ತಿದ ಜಾಗಕ್ಕೆ ಮೊದಲ ಮಳೆಯಲ್ಲೇ ನೀರು ಇಳಿದು ಗಾಡಿ ನಿಲ್ಲುತ್ತದೆ, ವಾರಂಟಿಯೂ ಹೋಗುತ್ತದೆ. ಲೆಗ್ ಗಾರ್ಡ್ ಹಾಕಿಸಿದ ನೂರು ಕಿ.ಮೀ. ಬಳಿಕ ಅದರ ಬೋಲ್ಟು, ಕನ್ನಡಿ, ಸೈಲೆನ್ಸರ್ ಹೀಟ್ ಶೀಲ್ಡಿನ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ, ಸಡಿಲವಿದ್ದರಷ್ಟೇ ಬಿಗಿ ಮಾಡಿ. ಅಲ್ಯೂಮಿನಿಯಂ ಭಾಗಕ್ಕೆ ಕೂರುವ ಬೋಲ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಎಳೆದರೆ ಥ್ರೆಡ್ ಕಿತ್ತು ಕೈಗೆ ಬರುತ್ತದೆ.