ಎರಡೇ ತಿಂಗಳ ಅಡ್ವಾನ್ಸಿಗೆ ನಾಲ್ಕು ಮನೆ: ನನ್ನ ಅನುಭವ

ಬೆಂಗಳೂರಿನ ಲಗ್ಗೆರೆಯಲ್ಲಿ ಅಪ್ಪನ 30×40 ಸೈಟಿನಲ್ಲಿ ನಾಲ್ಕು ಚಿಕ್ಕ ಬಾಡಿಗೆ ಮನೆ ಕಟ್ಟಿ ಮೂರು ವರ್ಷವಾಯಿತು. ಬಾಡಿಗೆ 7,500, ಅಡ್ವಾನ್ಸ್ 15,000 ಅಷ್ಟೇ. ಮನೆ ಖಾಲಿಯಾದರೆ ವಾರದೊಳಗೆ ತುಂಬುತ್ತದೆ. "ಹತ್ತು ತಿಂಗಳದ್ದು ಇಸ್ಕೊಳ್ಳಿ ಅಣ್ಣ, ಇಲ್ಲಾಂದ್ರೆ ಮುಳುಗ್ತೀರ" ಅಂದಿದ್ದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಅಗ್ಗದ ಮನೆ ಅಂದರೆ ಸಾಕು, ಬೆಂಗಳೂರಿನಲ್ಲಿ ಎಲ್ಲರ ವಾದವೂ ಫ್ಲ್ಯಾಟಿಗೆ ಹೋಗಿ ನಿಲ್ಲುತ್ತದೆ. ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷದ ತನಕದ, 60 ಚದರ ಮೀಟರ್ ಕಾರ್ಪೆಟ್ (ಗೋಡೆಗಳ ಒಳಗೆ ಬಳಕೆಗೆ ಸಿಗುವ ಜಾಗ) ಮೀರದ ಫ್ಲ್ಯಾಟು ಅಗ್ಗದ ಮನೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು 45 ಲಕ್ಷ ಎಲ್ಲಿಂದ ತರಬೇಕು? ಅವಳಿಗೆ ಬೇಕಾಗಿರುವುದು ಬಾಡಿಗೆ ಮನೆ. ಬಾಡಿಗೆ ಹೇಗೋ ಕಟ್ಟುತ್ತಾಳೆ, ಅಡ್ವಾನ್ಸಿಗೆ ಮಾತ್ರ ಬಡ್ಡಿ ಸಾಲ ಮಾಡುತ್ತಾಳೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ. ಆದರೆ ರಾಜ್ಯ ಒಪ್ಪಿ ಜಾರಿ ಮಾಡದಿದ್ದರೆ ಅದು ಬರೀ ಕಾಗದ.

ಮನೆ ಕಟ್ಟಿ ಬಾಡಿಗೆಗೆ ಕೊಡುವ ನಮ್ಮ ಕಷ್ಟವೂ ನಿಮಗೆ ಗೊತ್ತೇ ಇದೆ. ಅಡ್ವಾನ್ಸ್ ದುಡ್ಡಿನಲ್ಲೇ ಅಲ್ವಾ ನಾವು ಪೇಂಟು, ಗ್ರಿಲ್ಲು ಮುಗಿಸುವುದು? ಅದನ್ನು ಬಿಟ್ಟಾಗ ನನಗೆ ಸುಮಾರು ಎರಡೂವರೆ ಲಕ್ಷ ಕಡಿಮೆ ಬಿತ್ತು. ಹೆಂಡತಿಯ ಒಡವೆ ಸೊಸೈಟಿಯಲ್ಲಿಟ್ಟೆ. ಬಿಡಿಸಲು ಹದಿನಾಲ್ಕು ತಿಂಗಳು ಬೇಕಾಯಿತು.

ಹಾಗಾಗಿ ಕಟ್ಟುವ ಖರ್ಚನ್ನೇ ಇಳಿಸಬೇಕಿತ್ತು. ರ‍್ಯಾಟ್ ಟ್ರ್ಯಾಪ್ ಗೋಡೆ ಹಿಡಿದೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟಿದರೆ ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಮೊದಲ ಗೋಡೆ ಪೂರ್ತಿ ಹಾಳಾಯಿತು. ಅಗ್ಗಕ್ಕೆ ಸಿಕ್ಕಿತು ಅಂತ ಸೊಟ್ಟಂಬಟ್ಟ ಇಟ್ಟಿಗೆ ಮೂರು ಸಾವಿರ ಇಳಿಸಿಕೊಂಡಿದ್ದೆ. ಸಂದು ತುಂಬಲು ಮೇಸ್ತ್ರಿ ಗಾರೆ ಸುರಿದ, ಅದು ಟೊಳ್ಳಿಗೆ ಇಳಿದು ಉಳಿತಾಯವನ್ನೆಲ್ಲ ನುಂಗಿತು. ಗೋಡೆ ಕೆಡವಿ ಅದೇ ಇಟ್ಟಿಗೆಯಲ್ಲಿ ಕಾಂಪೌಂಡ್ ಕಟ್ಟಿದೆ. ಆಮೇಲೆ ವೈರ್ ಕಟ್ ಇಟ್ಟಿಗೆ, ಅಂದರೆ ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ ಇಟ್ಟಿಗೆ, ತರಿಸಿದೆ. ದರ ಜಾಸ್ತಿ, ಆದರೆ ಅಂಚು ನೆಟ್ಟಗೆ, ಹೊರಗಡೆ ಪ್ಲಾಸ್ಟರಿಂಗೇ ಬೇಕಾಗಲಿಲ್ಲ. ಕರೆಂಟ್ ಪೈಪು ಟೊಳ್ಳಿನಲ್ಲೇ ಇಳಿಸಿದೆವು, ಗೋಡೆ ಕೊರೆಯುವ ಕೂಲಿ ಉಳಿಯಿತು. ಮೂಲೆಯಲ್ಲಿ ನೀರು ಇಳಿಯದ ಹಾಗೆ ಹೇಗೆ ಕಟ್ಟಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಸಂಪ್ ಅಗೆದ ಮಣ್ಣನ್ನು ಬಿಸಾಕಲು ಮನಸ್ಸಾಗದೆ, ಶೇ 7ರಷ್ಟು ಸಿಮೆಂಟ್ ಬೆರೆಸಿ ಮಣ್ಣಿನ ಬ್ಲಾಕ್ ಕೂಡ ಒತ್ತಿದೆ. ಇನ್ನೂರು ಆಗಿತ್ತು. ಎರಡನೇ ರಾತ್ರಿ ಮಳೆ ಬಂದು ಅರ್ಧ ಕರಗಿತು. ಉಳಿದವು ಈಗ ಮೆಟ್ಟಿಲ ಪಕ್ಕದ ಕಟ್ಟೆಯಾಗಿವೆ. ಸಂಜೆ ಹೆಂಗಸರು ಅಲ್ಲೇ ಕೂತು ಸೊಪ್ಪು ಬಿಡಿಸುತ್ತಾರೆ.

ಕಟ್ಟಿದ್ದು ಒಟ್ಟು 16 ಚದರ (ಒಂದು ಚದರ ಅಂದರೆ ನೂರು ಚದರ ಅಡಿ). ಚದರಕ್ಕೆ ಒಂದು ಲಕ್ಷ ಅರವತ್ತೈದು ಸಾವಿರದ ಆಸುಪಾಸು ಬಿತ್ತು. ಅದೇ ಬೀದಿಯಲ್ಲಿ ಆಗ ಎರಡು ಲಕ್ಷ ನಡೆಯುತ್ತಿತ್ತು. ವರ್ಷಕ್ಕೆ 3.6 ಲಕ್ಷ ಬಾಡಿಗೆ ಬರುತ್ತದೆ. ಖರ್ಚಿನ ಈ ಲೆಕ್ಕದಲ್ಲಿ ಸೈಟಿನ ಬೆಲೆ ಸೇರಿಲ್ಲ. ಸೇರಿಸಿದರೆ ಈ ಬಾಡಿಗೆಗೆ ಯಾರಿಗೂ ಮನೆ ಕೊಡಲು ಆಗುವುದಿಲ್ಲ. ಸರ್ಕಾರ ಜಾಗವನ್ನು ಗುತ್ತಿಗೆಗೆ ಕೊಡಲಿ, ಚಿಕ್ಕ ಬಾಡಿಗೆ ಮನೆ ನಾವು ಕಟ್ಟುತ್ತೇವೆ ಅಂತ ನಾನು ವಾದಿಸುವುದು ಇದಕ್ಕೇ.

ಮೊದಲ ವರ್ಷ ಒಬ್ಬರು ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್ ಬಾಕಿ ಬಿಟ್ಟು ಹೋದದ್ದು ನಿಜ. ಅಡ್ವಾನ್ಸ್ ಕಳೆದು ಒಂಬತ್ತು ಸಾವಿರ ಹೋಯಿತು. ಅದಾದ ಮೇಲೆ ಒಂದು ರೂಪಾಯಿಯೂ ಹೋಗಿಲ್ಲ. "ಮುಳುಗ್ತೀರ" ಅಂದಿದ್ದ ಗೆಳೆಯ ಹೋದ ವಾರ ಫೋನ್ ಮಾಡಿ ವೈರ್ ಕಟ್ ಇಟ್ಟಿಗೆಯವರ ನಂಬರ್ ಇಸ್ಕೊಂಡ.