ಡಬ್ಬದ ಮೇಲಿನ ಪ್ರೋಟೀನ್ ಲೆಕ್ಕ ನಂಬಿ ನಾನು ಎಡವಿದ್ದು

ಮಗುವಿಗೆ ಮೂರು ವರ್ಷ, 12 ಕಿಲೋ ತೂಕ. ಕಾಯಿಲೆ ಮೀಥೈಲ್‌ಮಲೋನಿಕ್ ಅಸಿಡೀಮಿಯಾ, ಅಂದರೆ ಪ್ರೋಟೀನಿನ ಕೆಲವು ಭಾಗಗಳನ್ನು ದೇಹ ಪೂರ್ತಿ ಒಡೆಯಲಾಗದ ಹುಟ್ಟುಕಾಯಿಲೆ. ನಾವು ಡಯೆಟಿಷಿಯನ್‌ಗಳು ಸುಮ್ನೆ ಎಂಎಂಎ ಅಂತೀವಿ. ದಿನಕ್ಕೆ 18 ಗ್ರಾಂ ಪ್ರೋಟೀನ್ ಕೊಡಿಸುತ್ತಿದ್ದೆ. ಹಾಲು, ಊಟದಿಂದ 9 ಗ್ರಾಂ, ಫಾರ್ಮುಲಾ ಪುಡಿಯಿಂದ 9 ಗ್ರಾಂ. ಈ ಕಾಯಿಲೆಯಲ್ಲಿ ಏರುವ ರಕ್ತದ ಅಮೋನಿಯಾ ಹಿಡಿತದಲ್ಲಿತ್ತು. ನನ್ನ ಹಾಳೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಆರು ತಿಂಗಳಿಂದ ಮಗು ಎತ್ತರ ಬೆಳೆದಿರಲಿಲ್ಲ. ತೂಕ ಮಾತ್ರ ಏರುತ್ತಿತ್ತು. ಕೆನ್ನೆ ತುಂಬಿಕೊಂಡಿದ್ದು ನೋಡಿ ಮನೆಯವರಿಗೆಲ್ಲ ಖುಷಿ. ಅವರಮ್ಮ ಒಬ್ಬರೇ, ‘ಮೇಡಂ, ಹೋದ ವರ್ಷದ ಪ್ಯಾಂಟು ಇನ್ನೂ ಉದ್ದ ಸರಿಹೋಗ್ತಿದೆ’ ಅಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಆದರೂ ಕಾರಣ ಹುಡುಕಲು ನಾನು ಮೊದಲು ಕೈಹಾಕಿದ್ದು ತಪ್ಪು ಜಾಗಕ್ಕೆ. ಪ್ರೋಟೀನ್ ಸಾಲುತ್ತಿಲ್ಲವೇನೋ ಅಂದುಕೊಂಡು ಫಾರ್ಮುಲಾವನ್ನೇ ಇನ್ನೊಂದು ಚಮಚ ಜಾಸ್ತಿ ಮಾಡಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋಟೀನ್ ಅನ್ನೋದು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ್ದು. ಐಸೋಲ್ಯೂಸಿನ್, ವ್ಯಾಲಿನ್, ಮಿಥಿಯೋನಿನ್, ಥ್ರಿಯೋನಿನ್ ಅನ್ನೋ ನಾಲ್ಕು ಅಮೈನೋ ಆಮ್ಲಗಳು ದೇಹದಲ್ಲಿ ಒಡೆದಾಗ ಒಂದೇ ದಾರಿಗೆ ಬಂದು ಸೇರುತ್ತವೆ. ಎಂಎಂಎ ಇರುವ ಮಕ್ಕಳಲ್ಲಿ ಆ ದಾರಿ ಮುಂದೆ ಕಟ್ಟಿಕೊಂಡಿರುತ್ತದೆ, ಮೀಥೈಲ್‌ಮಲೋನಿಕ್ ಆಮ್ಲ ಶೇಖರವಾಗುತ್ತದೆ. ಹಾಗಾಗಿ ಊಟದ ಪ್ರೋಟೀನ್ ಅಳೆದು ಕೊಡುತ್ತೇವೆ. ಕಡಿಮೆಬಿದ್ದಿದ್ದನ್ನು ಈ ನಾಲ್ಕೂ ಇಲ್ಲದ ಫಾರ್ಮುಲಾದಿಂದ ತುಂಬುತ್ತೇವೆ. ಫಾರ್ಮುಲಾದಲ್ಲಿ ನಾಲ್ಕು ತೆಗೆದ ಜಾಗವನ್ನು ಉಳಿದ ಅಮೈನೋ ಆಮ್ಲಗಳು ತುಂಬಬೇಕಲ್ವಾ? ಲ್ಯೂಸಿನ್ ಆ ದಾರಿಗೆ ಹೋಗುವುದಿಲ್ಲ, ಆದ್ದರಿಂದ ಅದನ್ನು ಧಾರಾಳವಾಗಿ ಹಾಕಿರುತ್ತಾರೆ. ಡಬ್ಬದ ಮೇಲೆ ‘ಪ್ರೋಟೀನ್ ಇಷ್ಟು ಗ್ರಾಂ’ ಅಂತ ಬರೆದಿದ್ದನ್ನೇ ನಾನು ಊಟದ ಪ್ರೋಟೀನಿಗೆ ಕೂಡಿಸಿಬಿಟ್ಟಿದ್ದೆ. ಅದು ಪ್ರೋಟೀನೇ ಅಲ್ಲ, ಕೆಲವು ಇಟ್ಟಿಗೆ ಇಲ್ಲದ ಇಟ್ಟಿಗೆ ರಾಶಿ.

ಅಷ್ಟರಲ್ಲಿ ರಕ್ತದ ರಿಪೋರ್ಟ್ ಬಂತು. ವ್ಯಾಲಿನ್ 52, ಐಸೋಲ್ಯೂಸಿನ್ 17, ಲ್ಯೂಸಿನ್ 148, ಎಲ್ಲವೂ ಲೀಟರಿಗೆ ಮೈಕ್ರೋಮೋಲ್ ಲೆಕ್ಕದಲ್ಲಿ. ಆರೋಗ್ಯವಾಗಿರುವ ಮಗುವಿನ ರಕ್ತದಲ್ಲಿ ವ್ಯಾಲಿನ್ ಲ್ಯೂಸಿನ್‌ಗಿಂತ ಜಾಸ್ತಿ ಇರುತ್ತದೆ, ಸುಮಾರು ಎರಡರಷ್ಟು. ಇಲ್ಲಿ ತಲೆಕೆಳಗಾಗಿತ್ತು. ಲ್ಯಾಬಿನವರು ವ್ಯಾಲಿನ್, ಐಸೋಲ್ಯೂಸಿನ್ ಎದುರು ಕೆಳಮುಖ ಬಾಣ ಹಾಕಿದ್ದರು. ಲ್ಯೂಸಿನ್ ಎದುರು ಏನೂ ಇರಲಿಲ್ಲ, ಯಾಕೆಂದರೆ ಅದು ನಾರ್ಮಲ್ ಒಳಗೇ ಇತ್ತು. ನಾನೂ ಬಾಣ ಇದ್ದ ಸಾಲನ್ನಷ್ಟೇ ಓದಿದೆ.

ವ್ಯಾಲಿನ್ ಕಡಿಮೆ ಇದೆ, ಸರಿ, ವ್ಯಾಲಿನ್ ಕೊಡೋಣ ಅಂತ ಬಿಡಿ ವ್ಯಾಲಿನ್ ದ್ರಾವಣ ಶುರು ಮಾಡಿಸಿದೆ. ಎರಡು ವಾರದ ನಂತರ ವ್ಯಾಲಿನ್ ಸ್ವಲ್ಪ ಏರಿತ್ತು. ಐಸೋಲ್ಯೂಸಿನ್ ಇದ್ದಲ್ಲೇ ಇತ್ತು. ಈಗ ಅದನ್ನೂ ಬೇರೆಯಾಗಿ ಕೊಡೋಣ ಅಂತ ಹೇಳಲು ಹೋದಾಗ ನಮ್ಮ ಹಿರಿಯ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು, ‘ಬೆಂಕಿ ಹಚ್ಚಿದ್ದೂ ನೀವೇ, ನೀರು ಹುಯ್ತಾ ಇರೋದೂ ನೀವೇ’ ಅಂದರು. ಮೊದಲು ಬೇಜಾರಾಯಿತು. ಆಮೇಲೆ ಕೂತು ಲೆಕ್ಕ ಹಾಕಿದೆ.

ಚಮಚ ಏರಿಸುವ ಮೊದಲಿನ ಲೆಕ್ಕವೇ ಹೀಗಿತ್ತು. ಊಟದ 9 ಗ್ರಾಂ ಪ್ರೋಟೀನಿನಲ್ಲಿ ಲ್ಯೂಸಿನ್ ಸುಮಾರು 800 ಮಿಲಿಗ್ರಾಂ, ವ್ಯಾಲಿನ್ 500. ಫಾರ್ಮುಲಾದಿಂದ ಲ್ಯೂಸಿನ್ 1,100, ವ್ಯಾಲಿನ್ ಸೊನ್ನೆ. ಒಟ್ಟು 1,900ಕ್ಕೆ 500, ಅಂದರೆ ಹತ್ತಿರ ಹತ್ತಿರ ನಾಲ್ಕಕ್ಕೆ ಒಂದು. ದೇಹ ಕೇಳುವುದು ಒಂದೂವರೆಗೆ ಒಂದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದೊಡ್ಡವರಿಗೆ ಕಿಲೋಗೆ ಲ್ಯೂಸಿನ್ 39 ಮಿಲಿಗ್ರಾಂ, ವ್ಯಾಲಿನ್ 26. ಮಕ್ಕಳಲ್ಲಿ ಅಂಕಿ ಬೇರೆ, ಅನುಪಾತ ಹೆಚ್ಚುಕಡಿಮೆ ಅದೇ.

ನನಗೆ ತಲೆ ಕೆಡಿಸಿದ್ದು ಇನ್ನೊಂದು ವಿಷಯ. ಈ ಮಗುವಿಗೆ ಬೇಕಾದ ವ್ಯಾಲಿನ್ ದಿನಕ್ಕೆ 350 ಮಿಲಿಗ್ರಾಂ ಆಸುಪಾಸು. ಬರಿ ಊಟದಿಂದಲೇ 500 ಹೋಗುತ್ತಿತ್ತು. ಹಾಗಿದ್ದೂ ರಕ್ತದಲ್ಲಿ ಇರಲಿಲ್ಲ. ಯಾಕೆ ಅಂದರೆ ಲ್ಯೂಸಿನ್, ವ್ಯಾಲಿನ್, ಐಸೋಲ್ಯೂಸಿನ್ ಮೂರೂ ‘ಕವಲು ಸರಪಳಿ’ ಅಮೈನೋ ಆಮ್ಲಗಳು, ಮೂರನ್ನೂ ಒಡೆಯುವ ಕಿಣ್ವ ಒಂದೇ. ಲ್ಯೂಸಿನ್ ಒಡೆದಾಗ ಹುಟ್ಟುವ ಕೀಟೋ ಆಮ್ಲ ಆ ಕಿಣ್ವವನ್ನು ಚುರುಕು ಮಾಡುತ್ತದೆ. ಚುರುಕಾದ ಕಿಣ್ವ ಲ್ಯೂಸಿನ್ ಜೊತೆಗೆ ವ್ಯಾಲಿನ್, ಐಸೋಲ್ಯೂಸಿನ್‌ಗಳನ್ನೂ ಸುಟ್ಟುಹಾಕುತ್ತದೆ. ಅವು ಸುಟ್ಟರೆ ಹೋಗುವುದು ಎಲ್ಲಿಗೆ? ಆ ಕಟ್ಟಿಕೊಂಡ ದಾರಿಗೇ. ಕಾಯಿಲೆಗೆ ಅಂತ ಕೊಟ್ಟ ಫಾರ್ಮುಲಾ, ಅದರ ಮೇಲೆ ನಾನು ಸುರಿದ ವ್ಯಾಲಿನ್! ಮಿದುಳಿಗೆ ಹೋಗುವ ಬಾಗಿಲಲ್ಲೂ ಲ್ಯೂಸಿನ್ ಇವುಗಳನ್ನು ತಳ್ಳಿ ಮುಂದೆ ನುಗ್ಗುತ್ತದೆ.

ಇದು ಹೊಸ ಪಾಠವೇನಲ್ಲ. ಮೇಪಲ್ ಸಿರಪ್ ಯೂರಿನ್ ಅನ್ನೋ, ಈ ಮೂರನ್ನೂ ಒಡೆಯಲಾಗದ ಕಾಯಿಲೆಯ ಒಂದು ಕೂಸಿನಲ್ಲಿ ಇದರ ಇನ್ನೊಂದು ಮುಖವನ್ನು ನಾನೇ ನೋಡಿದ್ದೆ. ಲ್ಯೂಸಿನ್ ಕೊಡುವುದನ್ನು ಪೂರ್ತಿ ನಿಲ್ಲಿಸಿದ್ದರೂ ರಕ್ತದಲ್ಲಿ ಇಳಿಯದೆ ಕೂತಿತ್ತು. ಡೈಪರ್ ಕಟ್ಟುವ ಜಾಗ, ಬಾಯಿ ಸುತ್ತ ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಐಸೋಲ್ಯೂಸಿನ್ ಪಾತಾಳಕ್ಕೆ ಇಳಿದಿತ್ತು. ಒಂದು ಇಟ್ಟಿಗೆ ಇಲ್ಲದಿದ್ದರೆ ಗೋಡೆ ಏಳುವುದಿಲ್ಲ, ಉಳಿದ ಇಟ್ಟಿಗೆಗಳು ಹಾಗೇ ಬಿದ್ದಿರುತ್ತವೆ. ಐಸೋಲ್ಯೂಸಿನ್, ವ್ಯಾಲಿನ್ ಕೊಟ್ಟ ಮೇಲೆಯೇ ಲ್ಯೂಸಿನ್ ಇಳಿದಿದ್ದು. ಹಿಂದೆ 1950ರ ದಶಕದ ಶುರುವಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ವೈದ್ಯ ಹಾರ್ಸ್ಟ್ ಬಿಕೆಲ್ ತಂಡ ಪಿಕೆಯು ಕಾಯಿಲೆಗೆ (ಫೀನೈಲ್‌ಅಲನಿನ್ ಅನ್ನೋ ಅಮೈನೋ ಆಮ್ಲ ಒಡೆಯಲಾಗದ ಕಾಯಿಲೆ) ಮೊದಲ ಆಹಾರ ಮಾಡಿದಾಗಲೂ ಇದೇ ಕಥೆ. ಇದ್ದಿಲಿನಲ್ಲಿ ಸೋಸಿದಾಗ ಫೀನೈಲ್‌ಅಲನಿನ್ ಜೊತೆಗೆ ಟೈರೋಸಿನ್, ಟ್ರಿಪ್ಟೋಫ್ಯಾನ್ ಕೂಡ ಹೋದವು, ಅವನ್ನು ವಾಪಸ್ ಬೆರೆಸಬೇಕಾಯಿತು.

ಎಂಎಂಎ ಮಗುವಿಗೆ ಬರೋಣ. ವ್ಯಾಲಿನ್ ದ್ರಾವಣ ನಿಲ್ಲಿಸಿದೆವು. ಊಟದ ಪ್ರೋಟೀನ್ ಒಂದೊಂದೇ ಗ್ರಾಂ ಏರಿಸಿ 12ಕ್ಕೆ ತಂದೆವು, ಫಾರ್ಮುಲಾ ಹಂತ ಹಂತವಾಗಿ ಇಳಿಸಿ 4ಕ್ಕೆ. ಪ್ರತಿ ಹೆಜ್ಜೆಗೂ ಡಾಕ್ಟರು ಅಮೋನಿಯಾ, ಮೀಥೈಲ್‌ಮಲೋನಿಕ್ ಆಮ್ಲ ನೋಡಿ ಹ್ಞೂಂ ಅಂದ ಮೇಲೆಯೇ ಮುಂದಿನದು. ಫಾರ್ಮುಲಾ ಇಳಿಸಿದರೆ ಅದರ ಕ್ಯಾಲೊರಿ, ಕ್ಯಾಲ್ಸಿಯಂ, ಸತು, ವಿಟಮಿನ್‌ಗಳೂ ಹೋಗುತ್ತವೆ. ಅವನ್ನು ಬೇರೆ ಕಡೆಯಿಂದ ತುಂಬಬೇಕು. ಕ್ಯಾಲೊರಿ ಸಾಲದಿದ್ದರೆ ದೇಹ ತನ್ನ ಸ್ನಾಯುವನ್ನೇ ಒಡೆಯುತ್ತದೆ, ಆಗ ನಮ್ಮ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ರಕ್ತ ತೆಗೆಯುವ ಹೊತ್ತನ್ನೂ ಗಟ್ಟಿ ಮಾಡಿದೆ: ಪ್ರತಿ ಸಲವೂ ಊಟವಾದ ಮೂರು ಗಂಟೆಗೆ. ಮೊದಲು ಒಂದು ಸಲ ಊಟದ ಮುಂಚೆ, ಒಂದು ಸಲ ಆದ ತಕ್ಷಣ ತೆಗೆದು, ಎರಡನ್ನೂ ಹೋಲಿಸಿ ನೋಡುತ್ತಿದ್ದೆ. ಏನು ಪ್ರಯೋಜನ!

ಮನೆಯಲ್ಲಿ ಹೇಗೆ ಕುಡಿಸುತ್ತಾರೆ ಅನ್ನೋದೂ ಮುಖ್ಯ. ಫಾರ್ಮುಲಾದಲ್ಲಿರುವ ಬಿಡಿ ಅಮೈನೋ ಆಮ್ಲಗಳು ಬೇಗ ರಕ್ತಕ್ಕೆ ಸೇರುತ್ತವೆ. ಒಂದೇ ಸಲ ಪೂರ್ತಿ ಕುಡಿಸಿದರೆ ಕಟ್ಟಡಕ್ಕೆ ಬಳಕೆಯಾಗುವ ಮುಂಚೆಯೇ ಸುಟ್ಟುಹೋಗುತ್ತವೆ. ಹಾಗಾಗಿ ಮೂರು ನಾಲ್ಕು ಪಾಲು ಮಾಡಿ ಊಟದ ಜೊತೆಗೇ ಕೊಡಿ ಅನ್ನುತ್ತೇನೆ. ಪಿಕೆಯು ಮಗುವೊಂದರ ಟೈರೋಸಿನ್ ಏನು ಮಾಡಿದರೂ ಏರುತ್ತಿರಲಿಲ್ಲ. ಒಂದು ದಿನ ಅವರ ಬಾಟಲಿ ತರಿಸಿ ನೋಡಿದರೆ ತಳದಲ್ಲಿ ಸುಣ್ಣದ ಗಸಿಯಂತೆ ಬಿಳಿ ಪದರ. ಟೈರೋಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಪ್ರತಿ ದಿನ ಅದು ಬಾಟಲಿ ತೊಳೆದ ನೀರಿನ ಜೊತೆ ಹೋಗುತ್ತಿತ್ತು. ಅಲ್ಲಾಡಿಸಿ ಕುಡಿಸಿ, ತಳದಲ್ಲಿ ಉಳಿದರೆ ಸ್ವಲ್ಪ ನೀರು ಹಾಕಿ ಅದನ್ನೂ ಕುಡಿಸಿ ಅಂತ ನಾನು ಹೇಳಿಯೇ ಇರಲಿಲ್ಲ.

ನಾಲ್ಕು ತಿಂಗಳಿಗೆ ವ್ಯಾಲಿನ್ 118ಕ್ಕೆ ಬಂತು, ಐಸೋಲ್ಯೂಸಿನ್ 36. ಒಟ್ಟು ಆಹಾರದಲ್ಲಿ ಲ್ಯೂಸಿನ್-ವ್ಯಾಲಿನ್ ಅನುಪಾತ ಈಗ ಎರಡೂಕಾಲಿಗೆ ಒಂದರ ಹತ್ತಿರ. ಮೀಥೈಲ್‌ಮಲೋನಿಕ್ ಆಮ್ಲ ಹಿಂದೆ ಇದ್ದಷ್ಟೇ ಇದೆ, ಇಳಿದಿಲ್ಲ, ಏರಿಲ್ಲ. ಎತ್ತರ ಎರಡು ಸೆಂಟಿಮೀಟರ್ ಜಾಸ್ತಿಯಾಗಿದೆ. ಪ್ಯಾಂಟು ಗಿಡ್ಡ ಆಯಿತಾ ಅಂತ ಅವರಮ್ಮನನ್ನು ಕೇಳಿದೆ. ‘ಇನ್ನೂ ಇಲ್ಲ ಮೇಡಂ, ಆದರೆ ಮಡಚಿ ಹೊಲಿದಿದ್ದನ್ನ ಬಿಚ್ಚಿದೀನಿ’ ಅಂದರು. ಮಿಥಿಯೋನಿನ್ ಇನ್ನೂ ಕೆಳಗಂಚಿನಲ್ಲೇ ಇದೆ. ಫಾರ್ಮುಲಾದ ಉಳಿದ 4 ಗ್ರಾಂ ಬೇಕಾ ಬೇಡವಾ ಅಂತ ಮುಂದಿನ ರಿಪೋರ್ಟ್ ನೋಡಿ ಡಾಕ್ಟರ ಜೊತೆ ಕೂರಬೇಕು.